ಹತ್ತಡಿ ಕಂದಕಕ್ಕೆ ಒಂದು ಭಾನುವಾರ

"ಓಡಿ ಹಾರುದಾ ಅಣ್ಣ, ನಿಂತಲ್ಲಿಂದಲೇ ಹಾರುದಾ?"

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ತೋಟದ ಮನೆ. ಜಗಲಿಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಸಾಹಸದ ಕಥೆ ನಡೆಸುವ ಆಟ. ಕಥೆಯಲ್ಲಿ ನನ್ನ ವೀರನ ಬೆನ್ನ ಹಿಂದೆ ಮೂರು ಗಾಬ್ಲಿನ್ (ಕುಳ್ಳ ರಾಕ್ಷಸರು), ಮುಂದೆ 10 ಅಡಿ ಅಗಲದ ಕಂದಕ. "ಹಾರಿದೆ ಅಂದ್ನಲ್ಲ ಗುರು" ಅಂದೆ. ಕೇಳಿದವನು ನಮ್ಮ ಡಿಎಂ, ಅಂದರೆ ಆಟ ನಡೆಸಿ ತೀರ್ಪು ಕೊಡುವವನು, ನನಗಿಂತ ಹತ್ತು ವರ್ಷ ಚಿಕ್ಕ ಹುಡುಗ. ಮಾತಾಡದೆ ನಿಯಮದ ಪುಸ್ತಕ ತೆಗೆದ. ನನಗೆ ಉರಿದುಹೋಯಿತು.

ನಾನು ಮಂಡ್ಯದ ಕಡೆಯವನು. ಆಟ ಕಲಿತಿದ್ದು ಬೆಂಗಳೂರಿನಲ್ಲಿ, ಕೆಲಸ ತಂದುಹಾಕಿದ್ದು ಕಾಸರಗೋಡಿಗೆ. ಬೆಂಗಳೂರಿನ ನಮ್ಮ ಟೇಬಲ್ಲಿನಲ್ಲಿ ಹಾರುವುದೆಂದರೆ ಒಂದೇ ಕಾನೂನು: 20 ಮುಖದ ಡೈಸ್ ಹಾಕು. 12 ಬಂದರೆ ದಾಟಿದೆ; 11 ಬಂದರೆ "ಹೋಗ್ಲಿ ಬಿಡು, ಅಡ್ಜಸ್ಟ್ ಮಾಡ್ಕೊಳೋಣ." ಎಷ್ಟು ಅಡಿ, ಎಲ್ಲಿಂದ ಓಡಿಬಂದೆ ಎಂದು ಯಾರೂ ಕೇಳಿದವರಲ್ಲ.

ಪುಸ್ತಕದಲ್ಲಿ ಮಾಮೂಲಿ ದೂರ ಹಾರುವುದಕ್ಕೆ ಡೈಸ್ ಬೇಕಿಲ್ಲ. ನಾವು ಆಡುವ 2014ರ ನಿಯಮದಲ್ಲಿ, ಹಾರುವ ಮುಂಚೆ 10 ಅಡಿ ಓಡಿಬಂದಿದ್ದರೆ ನಿಮ್ಮ ಪಾತ್ರದ ಸ್ಟ್ರೆಂತ್, ಅಂದರೆ ಬಲದ ಅಂಕ, ಎಷ್ಟೋ ಅಷ್ಟು ಅಡಿ ಉದ್ದ ಹಾರಬಹುದು. ನಿಂತಲ್ಲಿಂದಾದರೆ ಅದರ ಅರ್ಧ. ಹಾರಿದ ಒಂದೊಂದು ಅಡಿಯೂ ಆ ಸರದಿಯ ನಡಿಗೆಯ ಲೆಕ್ಕದಲ್ಲೇ ಕಳೆಯುತ್ತದೆ. ನನ್ನ ವೀರನ ಸ್ಟ್ರೆಂತ್ 14, ಒಂದು ಸರದಿಗೆ ನಡಿಗೆ 30 ಅಡಿ, ನಿಂತಿರುವುದು ಆಟದ ನಕ್ಷೆಯಲ್ಲಿ ಕಂದಕದ ಅಂಚಿನ ಚೌಕದಲ್ಲಿ. ನಿಂತು ಹಾರಿದರೆ 7 ಅಡಿ, ಅಂದರೆ ನೇರ ಗುಂಡಿಗೆ.

"10 ಅಡಿ ಹಿಂದೆ ಹೋಗ್ತೀನಿ, 10 ಅಡಿ ಓಡಿ ಬರ್ತೀನಿ, 10 ಅಡಿ ಹಾರ್ತೀನಿ. ಸರಿಯಾಗಿ 30" ಅಂದೆ. ಗೆದ್ದೆ ಅಂದುಕೊಂಡೆ.

"ಬಂದು ನಿಲ್ಲುದು ಎಲ್ಲಿ ಅಣ್ಣ? ಆಚೆ ಚೌಕದಲ್ಲಿ ಅಲ್ವಾ?"

ಅಲ್ಲಿ ಶುರುವಾಯಿತು. ಒಂದು ಚೌಕಕ್ಕೆ 5 ಅಡಿ. ಕಂದಕ ಎರಡು ಚೌಕ, ಕಾಲೂರುವ ಚೌಕ ಮೂರನೆಯದು. ಅಂಚಿನಿಂದ ಅಂಚಿಗೆ ಅಳೆದರೆ 10 ಅಡಿ, ಚೌಕದಿಂದ ಚೌಕಕ್ಕೆ ಎಣಿಸಿದರೆ 15. ಒಟ್ಟು 35 ಆಗುತ್ತದೆ, ಅಲ್ಲದೆ 14 ಹಾರುವವನು 15 ಹೇಗೆ ಹಾರಿದ? ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಲ್ಲವೇ, ಜಗಲಿ ತಾಳಮದ್ದಲೆಯಾಯಿತು, ವೇಷವಿಲ್ಲದೆ ಕೂತು ಮಾತಿನಲ್ಲೇ ವಾದಿಸುವ ಯಕ್ಷಗಾನ. ಒಬ್ಬ ನನ್ನ ಪರ ಅರ್ಥ ಹೇಳಿದ, ಇನ್ನೊಬ್ಬ ಅದನ್ನು ಖಂಡಿಸಿದ, ಮೂರನೆಯವನು ಟಾರ್ಚ್ ಹಿಡಿದು ತೋಟದ ಕಣಿ (ಕಾಲುವೆ) ಹಾರಿ ನೋಡಲು ಹೊರಟ. ಮುಕ್ಕಾಲು ಗಂಟೆ! ಮಜ್ಜಿಗೆ ತಂದ ಅಜ್ಜಿ ಕೇಳಿದರು, "ಎಂತ ಮಕ್ಕಳೇ, ಅಲ್ಲಿ ಸಂಕ ಇಲ್ವಾ?" (ಸಂಕ ಅಂದರೆ ಕಾಲುಸೇತುವೆ.)

ಕೊನೆಗೆ ಡಿಎಂ ತೀರ್ಪು ಕೊಟ್ಟ: ಹಾರುವ ಶಕ್ತಿಗೆ ಅಂಚಿನ ಲೆಕ್ಕ, ಆದ್ದರಿಂದ ದಾಟಬಹುದು, ನಡಿಗೆಗೆ ಚೌಕದ ಲೆಕ್ಕ, ಆದ್ದರಿಂದ 35. ಡ್ಯಾಶ್ ಮಾಡಬೇಕು, ಅಂದರೆ ಹೊಡೆಯುವ ಬದಲು ಹೆಚ್ಚು ದೂರ ಓಡಬೇಕು, ಹೊಡೆಯುವ ಸರದಿ ಹೋಯಿತು. ಆಮೇಲೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ, ಮುಂದೆ ಎಲ್ಲರಿಗೂ ಇದೇ ಎಂದು.

ಆ ಬರೆದಿಟ್ಟದ್ದು ನನ್ನನ್ನು ಚುಚ್ಚಿತು. ಬೆಂಗಳೂರಿನಲ್ಲಿ ನನ್ನ ಮಾಂತ್ರಿಕ, ಸ್ಟ್ರೆಂತ್ 8ರವನು, 20 ಅಡಿ ಹೊಳೆ ಹಾರಿದ್ದ. ಕಾರಣ ಅವತ್ತು ನನ್ನ ಹುಟ್ಟುಹಬ್ಬ. ಮುಂದಿನ ವಾರ ಸ್ಟ್ರೆಂತ್‌ಗೇ 18 ಸುರಿದುಕೊಂಡಿದ್ದ ಗೆಳೆಯ 15 ಅಡಿ ಹಳ್ಳಕ್ಕೆ ಬಿದ್ದ, ಡೈಸ್‌ನಲ್ಲಿ 4 ಬಂತೆಂದು. ಪುಸ್ತಕ ನೋಡಿದ್ದರೆ ಓಡಿಬಂದು ಡೈಸ್ ಮುಟ್ಟದೆ ದಾಟುತ್ತಿದ್ದ. ಅವನು ಮೆತ್ತಗಿನ ಮನುಷ್ಯ, ಏನೂ ಅನ್ನಲಿಲ್ಲ. ನಮ್ಮೂರಿನ ಅಡ್ಜಸ್ಟ್ ಯಾವಾಗಲೂ ಬಾಯಿ ಇದ್ದವನ ಕಡೆಗೇ ವಾಲುತ್ತದೆ. ಸೈಟಿನ ಬೇಲಿಯಿಂದ ಬಸ್ಸಿನ ಸೀಟಿನವರೆಗೆ ನೋಡಿದ್ದೇನೆ.

ಇಲ್ಲಿಯವರಿಗೆ ಗೆರೆಯ ಬೆಲೆ ಗೊತ್ತು. 1956ರಲ್ಲಿ ರಾಜ್ಯಗಳ ಗಡಿಯಾಗಿ ಬಿದ್ದ ಗೆರೆ ಈ ಕನ್ನಡಿಗರನ್ನು ಕೇರಳದಲ್ಲಿ ಇಟ್ಟಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಹೇಳಿದರೂ ಗೆರೆ ಕದಲಲಿಲ್ಲ. ಅಂಥವರ ಮಕ್ಕಳು ಚೌಕದ ಅಂಚು ಎಲ್ಲಿ ಎಂದು ಕೇಳಿದರೆ ನಾನು ಸಿಟ್ಟಾಗಬಾರದಿತ್ತು. (ಇದು ನನ್ನ ಥಿಯರಿ. ಡಿಎಂಗೆ ಹೇಳಿದೆ. "ಹಾಗೆಲ್ಲ ಎಂತ ಇಲ್ಲ ಅಣ್ಣ, ನಾನು ಓದಿಕೊಂಡು ಬಂದದ್ದು ಅಷ್ಟೇ" ಅಂದ.)

ಒಂದನ್ನು ಮಾತ್ರ ಒಪ್ಪಲೇಬೇಕು. ಅದೇ ಪುಸ್ತಕದಲ್ಲಿ ಅಥ್ಲೆಟಿಕ್ಸ್ ಎಂಬ ಕೌಶಲದ ಬಗ್ಗೆ ಬರೆದಿರುವಲ್ಲಿ, ಮಾಮೂಲಿಗಿಂತ ದೂರ ಹಾರಲು ನೋಡುವವನಿಗೆ ಡೈಸ್ ಹಾಕಿಸಬಹುದು ಎಂದಿದೆ. ಎಷ್ಟು ಬಂದರೆ ದಾಟಿದ ಹಾಗೆ ಅನ್ನುವುದು ಡಿಎಂಗೆ ಬಿಟ್ಟದ್ದು. ಅಂದರೆ ಬೆಂಗಳೂರಿನವರು ಪೂರ್ತಿ ಪುಸ್ತಕದ ಹೊರಗೇನೂ ಇರಲಿಲ್ಲ. ಮತ್ತೆ, ಆ ಹೊಳೆ ಹಾರಿದ ರಾತ್ರಿ ನಾವು ಟೇಬಲ್ ತಟ್ಟಿ ಕೂಗಿದ ಹಾಗೆ ಬದಿಯಡ್ಕದಲ್ಲಿ ಇನ್ನೂ ಒಮ್ಮೆಯೂ ಕೂಗಿಲ್ಲ. ಆ ಭಾನುವಾರ ನಾವು ದಾಟಿದ್ದು ಒಂದೇ ಒಂದು ಕಂದಕ.

ಬರುವ ವಾರಕ್ಕೆ ನನ್ನ ವೀರ 50 ಅಡಿ ಹಗ್ಗವನ್ನೂ ಒಂದು ಉದ್ದದ ಹಲಗೆಯನ್ನೂ ಹೊತ್ತುಕೊಂಡಿದ್ದಾನೆ. ಹಲಗೆ ಎಷ್ಟು ಅಡಿ ಎಂದು ಡಿಎಂ ಈಗಾಗಲೇ ಮೆಸೇಜ್ ಮಾಡಿ ಕೇಳಿದ್ದಾನೆ.