ನಾಯಿಗೂ ಟಿಕೆಟ್, ಸೈಕಲ್ ಸ್ಟ್ಯಾಂಡಿಗೂ ದುಡ್ಡು

ಇಂಗ್ಲೆಂಡಿನಿಂದ ಮೋಟರ್‌ಹೋಮಿನಲ್ಲಿ (ಒಳಗೇ ವಾಸಿಸಬಹುದಾದ ದೊಡ್ಡ ಗಾಡಿ) ನಾಯಿ ಕರೆದುಕೊಂಡು ಸ್ಪೇನಿಗೆ ಹೋಗೋಣ ಅಂದರೆ, ಗಾಡಿ ಸಮೇತ ಸಮುದ್ರ ದಾಟಿಸುವ ಫೆರ‍್ರಿ ದರ ನೋಡಿಯೇ ಹೊಟ್ಟೆ ಉರಿಯುತ್ತದೆ. ಜಾಹೀರಾತಿನ ಅಗ್ಗದ ದರ ಸಣ್ಣ ಕಾರಿಗೆ. ನಮ್ಮ ಗಾಡಿಯ ಉದ್ದ, ಎತ್ತರ ಹಾಕಿದ ತಕ್ಷಣ ಮೊತ್ತ ಏರುತ್ತದೆ. ಸೈಕಲ್ ಒಯ್ಯಲು ಗಾಡಿಯ ಹಿಂಬದಿಗೆ ಕಟ್ಟಿದ ಸ್ಟ್ಯಾಂಡನ್ನೂ ಉದ್ದಕ್ಕೆ ಸೇರಿಸುತ್ತಾರೆ. ನಾಯಿಗೆ ಹೋಗುವಾಗಲೂ ಶುಲ್ಕ, ಬರುವಾಗಲೂ ಶುಲ್ಕ. ಇದನ್ನೆಲ್ಲ ಮೊದಲೇ ಹೇಳಬಹುದು ಅಲ್ವಾ? ಹೆಸರು, ವಿಳಾಸ, ಗಾಡಿ ನಂಬರು ಎಲ್ಲ ತುಂಬಿಸಿಕೊಂಡು ಕೊನೆಗೆ ತೋರಿಸುತ್ತಾರೆ.

ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಒಂದೂವರೆ ಗಂಟೆ, ಅಗ್ಗ ನಿಜ. ಆದರೆ ಆಮೇಲೆ ಇಡೀ ಫ್ರಾನ್ಸ್ ದಾಟಬೇಕು. ಡೀಸೆಲ್, ಟೋಲ್ ಸೇರಿಸಿದರೆ ಉಳಿತಾಯ ಎಲ್ಲಿ? ಪೋರ್ಟ್ಸ್‌ಮತ್‌ನಿಂದ ಸ್ಪೇನಿನ ಸಾಂಟಾಂಡೇರ್‌ಗೆ ನೇರ ಹಡಗಿದೆ. ನಾಯಿ ಜೊತೆಗಿರಬಹುದಾದ ಕ್ಯಾಬಿನ್‌ಗಳು ಮಾತ್ರ ಕೆಲವೇ. ಬೇಸಿಗೆಗೆ ತಿಂಗಳುಗಳ ಮೊದಲೇ ಬುಕ್ ಆಗಿರುತ್ತವೆ. ರಾತ್ರಿಯಿಡೀ ನಾಯಿಯನ್ನು ಒಂಟಿಯಾಗಿ ಬಿಡಲು ನನಗೆ ಮನಸ್ಸಿಲ್ಲ.

ಬ್ರಿಟನ್ನಿನ ಪೆಟ್ ಪಾಸ್‌ಪೋರ್ಟ್ (ಸಾಕುಪ್ರಾಣಿಯ ಪ್ರಯಾಣ ಪತ್ರ) 2021ರಿಂದ ಯುರೋಪ್ ಒಕ್ಕೂಟದಲ್ಲಿ ನಡೆಯುವುದಿಲ್ಲ. ಪ್ರತಿ ಪ್ರವಾಸಕ್ಕೂ ಹೊಸ ಆರೋಗ್ಯ ಪ್ರಮಾಣಪತ್ರ, ಅದೂ ಒಕ್ಕೂಟದ ನೆಲ ಮುಟ್ಟುವ ಮುಂಚಿನ 10 ದಿನದೊಳಗೆ. ವಾಪಸ್ ತಲುಪುವ 24ರಿಂದ 120 ಗಂಟೆ ಮೊದಲು ಪಶುವೈದ್ಯರು ಲಾಡಿಹುಳುವಿನ ಔಷಧಿ ಕೊಟ್ಟು ಬರೆದುಕೊಡಬೇಕು. ಇಷ್ಟೆಲ್ಲ ನಾವು ಮಾಡುತ್ತೇವೆ. ಪೂರ್ತಿ ದರವನ್ನು ಮೊದಲ ಪುಟದಲ್ಲೇ ಹಾಕಲು ಹಡಗು ಕಂಪನಿಗಳಿಗೇನು ಕಷ್ಟ?