ಅಂಚಿನ ಪತ್ತೇದಾರರು

ಲೈಬ್ರರಿಯಿಂದ ತಂದ ಪತ್ತೇದಾರಿ ಕಾದಂಬರಿಯನ್ನು ಯಾರೂ ಒಬ್ಬರೇ ಓದುವುದಿಲ್ಲ. ನಮಗಿಂತ ಮೊದಲು ಓದಿದವರೆಲ್ಲ ಅದರೊಳಗೆ ಕೂತಿರುತ್ತಾರೆ. ಕೆಲವರು ಪುಟದ ಮೂಲೆ ಮಡಚಿರುತ್ತಾರೆ, ಕೆಲವರು ಗೆರೆ ಎಳೆದಿರುತ್ತಾರೆ. ಅಷ್ಟಕ್ಕೆ ಸಮಾಧಾನವಾಗದವರು ಅಂಚಿನಲ್ಲಿ ಅಭಿಪ್ರಾಯವನ್ನೂ ಬರೆದಿರುತ್ತಾರೆ. ಪುಸ್ತಕದಲ್ಲಿ ಏನೂ ಬರೆಯಬಾರದು ಅಂತ ಮೊದಲ ಪುಟದಲ್ಲೇ ಮುದ್ರೆ ಒತ್ತಿರುತ್ತದೆ. ನಾನು ತಂದ ಪುಸ್ತಕದಲ್ಲಿ ಆ ಮುದ್ರೆಯ ಪಕ್ಕದಲ್ಲೇ ಯಾರೋ ‘ಆಯ್ತು’ ಅಂತ ಬರೆದಿದ್ದರು.

ಕಥೆ ಇಷ್ಟೇ. ಒಂದು ಊರಲ್ಲಿ ಒಂದರ ಹಿಂದೆ ಒಂದು ಬೆಂಕಿ ಬೀಳುತ್ತದೆ. ಮೊದಲು ಪಾಳುಬಿದ್ದ ಗೋದಾಮು, ಆಮೇಲೆ ಅಂಗಡಿ, ಆಮೇಲೆ ಜನ ಮಲಗಿರುವ ಮನೆ. ಹಚ್ಚುತ್ತಿರುವವನು ಯಾರು ಅಂತ ಹುಡುಕಲು ಒಬ್ಬ ಪತ್ತೇದಾರ ಬರುತ್ತಾನೆ. ಅವನಿಗೆ ನಿದ್ದೆ ಇಲ್ಲ, ಹೆಂಡತಿ ಬಿಟ್ಟು ಹೋಗಿದ್ದಾಳೆ, ಬೆನ್ನ ಮೇಲೆ ಹಳೆಯ ಸುಟ್ಟ ಗಾಯ. (ಪತ್ತೇದಾರನ ಸಂಸಾರ ಚೆನ್ನಾಗಿದ್ದರೆ ಪುಸ್ತಕ ಅಚ್ಚು ಹಾಕಲ್ಲ ಅಂತ ಪ್ರಕಾಶಕರು ಮಾತಾಡಿಕೊಂಡಿರಬೇಕು.) ಪುಸ್ತಕದ ಹೆಸರು ಮಾತ್ರ ಹೇಳಲ್ಲ. ಮುಂದೆ ಅದರ ಗುಟ್ಟನ್ನು ಒಡೆಯುವವನಿದ್ದೇನೆ.

ಈ ಪುಸ್ತಕದ ಅಂಚಿನಲ್ಲಿ ಮೂರು ಕೈಬರಹಗಳಿದ್ದವು. ಒಂದು ನೀಲಿ ಪೆನ್ನು. ನೆಟ್ಟಗಿನ ಅಕ್ಷರ, ತಪ್ಪು ಸಿಕ್ಕಿದಲ್ಲೆಲ್ಲ ಸೊನ್ನೆ ಸುತ್ತುತ್ತದೆ. ಇನ್ನೊಂದು ತೆಳು ಪೆನ್ಸಿಲ್. ಅದಕ್ಕೆ ಎಲ್ಲರ ಮೇಲೂ ಕರುಣೆ. ‘ಪಾಪ’ ಅನ್ನುವ ಪದವನ್ನು ನಾನು ಎಣಿಸಿದೆ, ಹದಿನಾಲ್ಕು ಸಲ ಇತ್ತು. ಅದರಲ್ಲಿ ಎರಡು ಪತ್ತೇದಾರನ ಬೆಕ್ಕಿಗೆ.

ಮೂರನೆಯದು ದಪ್ಪ ಪೆನ್ಸಿಲ್. ನನಗೆ ಬಹಳ ಇಷ್ಟವಾದ ಓದುಗ. ಇಪ್ಪತ್ತೆರಡನೇ ಪುಟದಲ್ಲಿ ಗೋದಾಮಿನ ಮಾಲೀಕ ಬಂದ ಕೂಡಲೇ ‘ಇವನೇ’ ಅಂತ ಬರೆದ. ನಲವತ್ತನೇ ಪುಟದಲ್ಲಿ ವಿಮೆಯವನು ಬಂದ, ಮತ್ತೆ ‘ಇವನೇ’. ಆಮೇಲೆ ಪೇಪರಿನ ವರದಿಗಾರ, ಮಾಲೀಕನ ಮಗ, ಮೂಕನಂತೆ ಕೂತಿರುವ ಬಾಡಿಗೆದಾರ. ಒಮ್ಮೆ ಪತ್ತೇದಾರನ ಹೆಂಡತಿಯ ಹೆಸರಿನ ಪಕ್ಕದಲ್ಲೂ ‘ಇವಳೇ!’ ಅಂತ ಇತ್ತು. ಕೊನೆಗೆ ಸಿಕ್ಕಿಬಿದ್ದವನು ಈ ಆರು ಜನರಲ್ಲಿ ಯಾರೂ ಅಲ್ಲ. ಆದರೂ ಕೊನೆಯ ಪುಟದ ಕೆಳಗೆ ಅದೇ ದಪ್ಪ ಅಕ್ಷರದಲ್ಲಿ ‘ನನಗೆ ಮೊದಲೇ ಗೊತ್ತಿತ್ತು’ ಅಂತ ಬರೆದಿದ್ದಾನೆ. ನಗು ಬಂತು. ಆಮೇಲೆ ಯೋಚಿಸಿದರೆ ನಾನೂ ಎಷ್ಟೋ ಪುಸ್ತಕ ಮುಚ್ಚಿಟ್ಟು ಇದನ್ನೇ ಹೇಳಿದ್ದೇನೆ. ಎಲ್ಲರ ಮೇಲೂ ಅನುಮಾನ ಪಟ್ಟವನಿಗೆ ಎಲ್ಲವೂ ಮೊದಲೇ ಗೊತ್ತಿದ್ದಂತೆಯೇ ಅನಿಸುತ್ತದೆ, ಅಲ್ವಾ?

ನೀಲಿ ಪೆನ್ನಿನವರ ದಾರಿ ಬೇರೆ. ಅವರಿಗೆ ಅಪರಾಧಿ ಯಾರಾದರೇನು, ಬೆಂಕಿ ನ್ಯಾಯವಾಗಿ ಉರಿಯಬೇಕು. ಒಂದು ಕಡೆ ಖದೀಮ ನೆಲದ ಮೇಲೆ ಪೆಟ್ರೋಲ್ ಚೆಲ್ಲಿ, ಸೇದುತ್ತಿದ್ದ ಸಿಗರೇಟನ್ನು ಬೆರಳಲ್ಲಿ ಚಿಮ್ಮಿ ನಡೆದುಬಿಡುತ್ತಾನೆ. ಹಿಂದೆ ಭುಗಿಲ್ ಅನ್ನುತ್ತದೆ, ಇವನು ತಿರುಗಿ ನೋಡುವುದಿಲ್ಲ. ಅಂಚಿನಲ್ಲಿ ‘ಆಗಲ್ಲ’. ನೀಲಿ ಪೆನ್ನು ಹೇಳಿದ್ದು ಸರಿ. ಅಮೆರಿಕದ ಸಂಶೋಧಕರು ಉರಿಯುವ ಸಿಗರೇಟನ್ನು ಪೆಟ್ರೋಲ್ ಆವಿಗೆ ಸಾವಿರಾರು ಸಲ ಒಡ್ಡಿ ನೋಡಿದರು, ಒಂದು ಸಲವೂ ಹೊತ್ತಿಕೊಳ್ಳಲಿಲ್ಲ. ಬೆಂಕಿಕಡ್ಡಿಯ ಜ್ವಾಲೆ ಬೇರೆ, ಸಿಗರೇಟಿನ ಕೆಂಡ ಬೇರೆ. (ಹಾಗಂತ ಯಾರೂ ಪರೀಕ್ಷೆ ಮಾಡಲು ಹೋಗಬೇಡಿ. ಸಿಗರೇಟು ಹಚ್ಚಲು ಬೆಂಕಿಕಡ್ಡಿಯೇ ಬೇಕಲ್ಲ.)

ಆದರೆ ಇದೇ ನೀಲಿ ಪೆನ್ನು ಇನ್ನೊಂದು ಕಡೆ ಎಡವಿತು. ಸುಟ್ಟ ಮನೆಯ ಕಿಟಕಿ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕುಗಳನ್ನು ನೋಡಿ ಪತ್ತೇದಾರ, ‘ಪೆಟ್ರೋಲ್ ಸುರಿದಿದ್ದಾರೆ’ ಅಂತ ತೀರ್ಮಾನಿಸುತ್ತಾನೆ. ಅಂಚಿನಲ್ಲಿ ಸರಿ ಗುರುತು, ಜೊತೆಗೆ ‘ಶಭಾಷ್’. ಬೆಂಕಿಯ ತನಿಖೆ ಮಾಡುವವರೂ ಎಷ್ಟೋ ವರ್ಷ ಹಾಗೇ ನಂಬಿದ್ದರು. ಅತಿ ವೇಗವಾಗಿ ಕಾದರೆ ಗಾಜು ಹಾಗೆ ಬಿರಿಯುತ್ತದೆ ಅಂತ ಅವರ ಲೆಕ್ಕ. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡದ ಮನೆಗಳು ಕಾಡ್ಗಿಚ್ಚಿಗೆ ಸಿಕ್ಕಿ ಸುಟ್ಟವು. ಅಲ್ಲಿ ಮನೆಮನೆಗೆ ಹೋಗಿ ಪೆಟ್ರೋಲ್ ಸುರಿದವರು ಯಾರೂ ಇರಲಿಲ್ಲ. ಆದರೂ ಹಲವು ಮನೆಗಳ ಅವಶೇಷದಲ್ಲಿ ಅದೇ ಜೇಡರ ಬಲೆ ಗಾಜು ಸಿಕ್ಕಿತು. ಪ್ರಯೋಗಾಲಯದಲ್ಲಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಗಾಜು ಹಾಗೆ ಬಲೆಬಲೆಯಾಗಿ ಬಿರಿಯುವುದು ಕಾದಾಗ ಅಲ್ಲ, ಕಾದ ಗಾಜಿಗೆ ನೀರು ಬಿದ್ದಾಗ. ಬೆಂಕಿ ಹಚ್ಚಿದವನ ಗುರುತು ಅಂದುಕೊಂಡಿದ್ದು ಬೆಂಕಿ ಆರಿಸಿದವರ ಗುರುತು! ನೀಲಿ ಪೆನ್ನಿನವರ ಸೋಲು ನನಗೆ ಖುಷಿ ಕೊಟ್ಟಿತು. ಯಾಕೆ ಸುಳ್ಳು ಹೇಳಲಿ.

ಈಗ ಕೊನೆಯ ಗುಟ್ಟು. ಬೆಂಕಿ ಹಚ್ಚುತ್ತಿದ್ದವನು ಅಗ್ನಿಶಾಮಕ ದಳದ ಅಧಿಕಾರಿಯೇ. ಹನ್ನೆರಡನೇ ಪುಟದಲ್ಲಿ ಮೊದಲ ಬೆಂಕಿಯ ವರದಿ ಬರೆಯುತ್ತಾನಲ್ಲ, ಅವನು. ಇಲ್ಲಿ ಮೂರು ಕೈಬರಹಗಳೂ ಮೊದಲ ಸಲ ಒಂದಾಗಿವೆ. ನೀಲಿ ಪೆನ್ನು: ‘ಅಸಂಭವ’. ತೆಳು ಪೆನ್ಸಿಲ್: ‘ಬೇಲಿಯೇ ಎದ್ದು ಹೊಲ ಮೇಯ್ದಂತೆ!’ ದಪ್ಪ ಪೆನ್ಸಿಲ್: ‘ಮೋಸ’.

ಮೋಸ ಅನ್ನುವುದಕ್ಕೂ ಶಾಸ್ತ್ರದ ಬೆಂಬಲ ಇದೆ. ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು ಅನ್ನುವುದು ಒಂದು. ಪತ್ತೆ ಮಾಡುವವನೇ ಅಪರಾಧ ಮಾಡಿರಬಾರದು ಅನ್ನುವುದು ಇನ್ನೊಂದು. ಓದುಗರೂ ಪತ್ತೇದಾರರೂ ಒಂದೇ ಪಂಕ್ತಿಯಲ್ಲಿ ಕೂತು ಆಡುವ ಆಟ ಇದು, ಇಸ್ಪೀಟಿನ ಹಾಗೆ ಇಲ್ಲೂ ಎಲೆ ಬಚ್ಚಿಡಬಾರದು.

ಆದರೆ ಬದುಕು ನಾಕ್ಸರ ಕಟ್ಟಳೆ ಓದಿಲ್ಲ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಜಾನ್ ಓರ್ ಅಂತ ಒಬ್ಬ ಅಗ್ನಿಶಾಮಕ ಅಧಿಕಾರಿ ಇದ್ದ. ಬೆಂಕಿ ಹಚ್ಚುವವರನ್ನು ಹುಡುಕುವುದೇ ಅವನ ಕೆಲಸ. ಅದರಲ್ಲಿ ಹೆಸರುವಾಸಿ ಕೂಡ. 1984ರಲ್ಲಿ ಸೌತ್ ಪ್ಯಾಸಡೀನಾದ ಒಂದು ದೊಡ್ಡ ಅಂಗಡಿ ಸುಟ್ಟು ನಾಲ್ಕು ಜನ ಸತ್ತರು. ಅವರಲ್ಲಿ ಎರಡು ವರ್ಷದ ಮಗು ಮತ್ತು ಅಜ್ಜಿ ಇದ್ದರು. ಅದು ಆಕಸ್ಮಿಕ ಅಂತ ಉಳಿದವರು ಬರೆದಾಗ, ಅಲ್ಲ, ಯಾರೋ ಹಚ್ಚಿದ್ದು ಅಂತ ಹಟ ಹಿಡಿದವನು ಓರ್. ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? 1987ರಲ್ಲಿ ಇನ್ನೊಂದು ಊರಿನ ಬೆಂಕಿಯಲ್ಲಿ ಅರೆಸುಟ್ಟ ಕಾಗದದ ಚೂರು ಸಿಕ್ಕಿತು. ಅದರ ಮೇಲೆ ಒಂದು ಬೆರಳಚ್ಚು ಉಳಿದಿತ್ತು. ಅದು ಓರ್‌ನದು ಅಂತ ಗೊತ್ತಾಗಲು 1991 ಬರಬೇಕಾಯಿತು. ಇಷ್ಟರೊಳಗೆ ಅವನು ಒಂದು ಕಾದಂಬರಿಯನ್ನೂ ಬರೆದಿಟ್ಟಿದ್ದ. ಅದರಲ್ಲಿ ಬೆಂಕಿ ಹಚ್ಚುವವನು ಅಗ್ನಿಶಾಮಕ ದಳದವನೇ. 1998ರಲ್ಲಿ ನಾಲ್ಕು ಕೊಲೆಗಳಿಗೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಈ ಕಾದಂಬರಿಯ ಹಸ್ತಪ್ರತಿಯೂ ಅವನ ವಿರುದ್ಧ ಬಳಕೆಯಾಯಿತು.

ಅದರ ಅಂಚಿನಲ್ಲಿ ನಮ್ಮ ನೀಲಿ ಪೆನ್ನಿನವರು ಏನು ಬರೆಯುತ್ತಿದ್ದರೋ.

ಪುಸ್ತಕ ಮುಗಿದ ಮೇಲೆ ಮುಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ಹಾಳೆಗಳ ಅಂಚು ಹಳದಿಯಾಗಿತ್ತು, ಆದರೆ ನಡುವೆ ಒಂದು ಕಡೆ ಮಾತ್ರ ಕಪ್ಪು ಪಟ್ಟಿ. ಬೆರಳು ತಾಕಿ ತಾಕಿ ಆದ ಕೊಳೆ. ಯಾವ ಭಾಗ ಅಂತ ಬಿಡಿಸಿದೆ. ಮನೆ ಹೊತ್ತಿ ಉರಿಯುವ ಅಧ್ಯಾಯ. ಒಂಬತ್ತು ಪುಟ. ಪರದೆಗೆ ಹತ್ತಿ, ಚಾವಣಿಗೆ ಏರಿ, ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಳ್ಳುವವರೆಗೆ ಲೇಖಕ ಒಂದೊಂದೇ ಕ್ಷಣವನ್ನು ಬಿಡಿಸಿ ಬರೆದಿದ್ದ. ಆ ಒಂಬತ್ತು ಪುಟಗಳ ಅಂಚು ಖಾಲಿ. ಸೊನ್ನೆ ಇಲ್ಲ, ‘ಇವನೇ’ ಇಲ್ಲ, ಒಂದು ‘ಪಾಪ’ವೂ ಇಲ್ಲ. ಒಳಗೆ ಜನ ಮಲಗಿದ್ದಾರೆ ಅಂತ ಗೊತ್ತಿದ್ದೂ ಬೆಕ್ಕಿಗೆ ಮರುಗಿದವರು ಇಲ್ಲಿ ಸುಮ್ಮನಿದ್ದಾರೆ. ಯಾರ ಕೈಗೂ ಬಿಡುವಿರಲಿಲ್ಲ. ಸುಮ್ನೆ ಪುಟ ತಿರುಗಿಸಿದ್ದಾರೆ, ಬಹುಶಃ ವಾಪಸ್ ಬಂದು ಮತ್ತೆ ತಿರುಗಿಸಿದ್ದಾರೆ.

ಏನಾದರೂ ಬರೆಯೋಣ ಅಂತ ನಾನೂ ಪೆನ್ಸಿಲ್ ತೆಗೆದುಕೊಂಡೆ. ಬರೆಯುವ ಮೊದಲು ಇನ್ನೊಮ್ಮೆ ಓದೋಣ ಅನ್ನಿಸಿತು. ಒಂಬತ್ತು ಪುಟ ಮುಗಿಯುವ ಹೊತ್ತಿಗೆ ಪೆನ್ಸಿಲ್ ಎಲ್ಲೋ ಉರುಳಿ ಹೋಗಿತ್ತು. ಕೊನೆಯ ಹಾಳೆಯ ಮೂಲೆಯಲ್ಲಿ, ಹಳೆಯ ಕೊಳೆಯ ಮೇಲೆ, ಸೀಸದ ಪುಡಿ ಹತ್ತಿದ ನನ್ನ ಹೆಬ್ಬೆರಳ ಗುರುತು ಸ್ಪಷ್ಟವಾಗಿ ಮೂಡಿತ್ತು.