ಕಿತ್ತ ಮೇಲೂ ಸಾಯದ ಡಿವೈಸು

ನಮ್ಮ ಟೆಸ್ಟಿಂಗ್ ಹುಡುಗನಿಗೆ ಮೊಬೈಲ್ ಚಾರ್ಜ್ ಮಾಡಲು ಖಾಲಿ ಪೋರ್ಟ್ ಸಿಗದಿದ್ದರೆ, ಕೈಗೆ ಸಿಕ್ಕ ಯುಎಸ್‌ಬಿ ಕೇಬಲ್ ಕಿತ್ತು ತನ್ನದನ್ನು ಸಿಕ್ಕಿಸುತ್ತಾನೆ. ಮೊನ್ನೆ ಕಿತ್ತದ್ದು ಅಳತೆಗಳನ್ನು ದಾಖಲಿಸುವ ನಮ್ಮ ಡೇಟಾ ಲಾಗರ್. ಏನೂ ಆಗಲಿಲ್ಲ. ಊಟ ಮುಗಿಸಿ ಬಂದು, ಟರ್ಮಿನಲ್‌ನಲ್ಲಿ ಅದನ್ನೇ ಓದುತ್ತ ಕೂತಿದ್ದ ಕ್ಯಾಟ್ ಎಂಬ ಕಮಾಂಡ್ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದೆ ನೋಡಿ, ಪರದೆ ತುಂಬ 6ಬಿ6ಬಿ6ಬಿ6ಬಿ!

"ಸಾರ್, ನಾನ್ ಕಿತ್ತಾಗ ಚೆನ್ನಾಗೇ ಇತ್ತು. ನೀವೇನೋ ಒತ್ತಿದ್ರಿ," ಎಂದ. ಲೆಕ್ಕಕ್ಕೆ ಅವನು ಹೇಳಿದ್ದು ಸರಿಯೇ.

ಸ್ಲಬ್ ಡೀಬಗ್ ಎಂಬ ಮೆಮೊರಿ ತಪಾಸಣೆ ಆನ್ ಇದ್ದರೆ, ಬಿಟ್ಟುಕೊಟ್ಟ ಮೆಮೊರಿಗೆಲ್ಲ ಲಿನಕ್ಸ್‌ನ ತಿರುಳಾದ ಕರ್ನಲ್ 6ಬಿ ಎಂಬ ಗುರುತು ಬಳಿದಿಡುತ್ತದೆ. ಲಾಗರ್‌ನ ಚಿಪ್ ಮಾರಿದವರು ಕೊಟ್ಟ ಡ್ರೈವರ್, ತನ್ನ ಮಾಹಿತಿ ಇಡುವ ಸ್ಟ್ರಕ್ಚರಿಗೆ ಮೆಮೊರಿಯನ್ನು ಡೆವ್‌ಎಂ-ಕೆಜೆಡ್‌ಅಲಾಕ್ ಎಂಬ ಫಂಕ್ಷನ್‌ನಿಂದ ಪಡೆದಿತ್ತು. ಕೇಬಲ್ ಕಿತ್ತು ಡ್ರೈವರ್ ಕಳಚಿದೊಡನೆ ಆ ಮೆಮೊರಿ ಹೋಗುತ್ತದೆ. ಡಿವೈಸಿನ ಫೈಲನ್ನು ಇನ್ನೂ ಯಾರೋ ತೆರೆದಿಟ್ಟಿದ್ದಾರೆಂಬುದು ಡೆವ್‌ಎಂಗೆ ಬೇಕಿಲ್ಲದ ವಿಷಯ. ಒಳಗೆ ಅಜ್ಜಿ ಮಲಗಿದ್ದರೂ ಹೊತ್ತಾಯ್ತೆಂದು ಛತ್ರಕ್ಕೆ ಬೀಗ ಜಡಿದು ಹೋಗುವ ವಾಚ್‌ಮನ್ ಅದು. ಕಂಟ್ರೋಲ್-ಸಿಯಿಂದ ಫೈಲ್ ಮುಚ್ಚಿದಾಗ ಡ್ರೈವರ್ ಆ ಬಿಟ್ಟ ಮೆಮೊರಿಯನ್ನೇ ಮುಟ್ಟಿತು, ಅದಕ್ಕೇ 6ಬಿ.

ಸರಿಯಾದ ಕ್ರಮವೆಂದರೆ ಮೆಮೊರಿಯ ಆಯುಸ್ಸನ್ನು, ಡಿವೈಸನ್ನು ಎಷ್ಟು ಮಂದಿ ಹಿಡಿದಿದ್ದಾರೆಂದು ಕರ್ನಲ್ ಸ್ಟ್ರಕ್ಟ್ ಡಿವೈಸ್‌ನಲ್ಲಿ ಇಡುವ ಎಣಿಕೆಗೆ ಕಟ್ಟುವುದು. ಹಿಡಿದುಕೊಂಡವರೆಲ್ಲ ಗೆಟ್-ಡಿವೈಸ್, ಬಿಟ್ಟವರೆಲ್ಲ ಪುಟ್-ಡಿವೈಸ್. ಎಣಿಕೆ ಸೊನ್ನೆಯಾದಾಗ ರಿಲೀಸ್ ಫಂಕ್ಷನ್ ಬಂದು ಕೆಫ್ರೀ ಮಾಡಿ ಮೆಮೊರಿ ಬಿಡುತ್ತದೆ. ಚಿಪ್ ಮಾರಿದ ಈ ಮಹಾನುಭಾವರ ರಿಲೀಸ್ ತೆರೆದು ನೋಡಿದರೆ ಎರಡು ಪುಷ್ಪ ಆವರಣ, ನಡುವೆ ಶೂನ್ಯ! ರಿಲೀಸ್ ಇಲ್ಲದಿದ್ದರೆ "ಇದು ಕೆಟ್ಟಿದೆ, ಸರಿಪಡಿಸಲೇಬೇಕು" ಎಂದು ಕರ್ನಲ್ ಗದರುತ್ತದೆ. ಆ ಬಾಯಿ ಮುಚ್ಚಿಸಲು ಖಾಲಿ ಫಂಕ್ಷನ್. ಹೀಗೆ ಮಾಡಿದವರನ್ನು ಮೇಂಟೇನರ್ ನಿರ್ದಯವಾಗಿ ಗೇಲಿ ಮಾಡುತ್ತಾರೆಂದು, ಈ ಎಣಿಕೆ ಇಡುವ ಕೆಆಬ್ಜೆಕ್ಟ್ ಎಂಬ ಮೂಲ ರಚನೆಯ ಕರ್ನಲ್ ದಾಖಲೆಯಲ್ಲಿ ಬಹಳ ಕಾಲ ಬರೆದೇ ಇತ್ತು. ಅಷ್ಟು ಪ್ರಾಮಾಣಿಕ ತಾಂತ್ರಿಕ ದಾಖಲೆ ನಾನು ಬೇರೆ ಓದಿಲ್ಲ.

ಇನ್ನೊಂದು ತಮಾಷೆ: ಡಿವೈಸನ್ನು ಕರ್ನಲ್‌ಗೆ ಸೇರಿಸುವ ಡಿವೈಸ್-ರಿಜಿಸ್ಟರ್ ವಿಫಲವಾದರೂ ನೇರ ಕೆಫ್ರೀ ಮಾಡುವಂತಿಲ್ಲ, ಪುಟ್-ಡಿವೈಸ್ ಮಾಡಲೇಬೇಕು. ಹುಟ್ಟುವಾಗಲೇ ಕೈಕೊಟ್ಟದ್ದಕ್ಕೂ ತಿಥಿ ಕ್ರಮಬದ್ಧವಾಗಿಯೇ ಆಗಬೇಕು!

ಕೊನೆಗೆ ಎಲ್ಲ ಸರಿಪಡಿಸಿ, ಡೀಬಗ್-ಕೆಆಬ್ಜೆಕ್ಟ್-ರಿಲೀಸ್ ಎಂಬ ಆಯ್ಕೆಯನ್ನೂ ಆನ್ ಮಾಡಿದೆವು. ಕೊನೆಯ ಪುಟ್ ಆದ ಮೇಲೂ ಕರ್ನಲ್ ಬೇಕೆಂದೇ 1ರಿಂದ 4 ಸೆಕೆಂಡ್ ತಡಮಾಡಿ ರಿಲೀಸ್ ಕರೆಯುತ್ತದೆ; ಅಷ್ಟರೊಳಗೆ ಮೆಮೊರಿ ಬಿಟ್ಟ ಆತುರಗಾರರು ಸಿಕ್ಕಿಬೀಳುತ್ತಾರೆ. ಲಾಗರ್ ಗಟ್ಟಿಯಾಗಿ ನಿಂತಿತು. ಅದೇ ಚಿಪ್ಪಿನವರ ಎಲ್‌ಇಡಿ ಡ್ರೈವರ್ ಮಗುಚಿಕೊಂಡಿತು. ಅದನ್ನು ನಾವ್ಯಾರೂ ಮುಟ್ಟಿಯೇ ಇರಲಿಲ್ಲ.